ಹೈಸ್ಕೂಲಿನಲ್ಲೇ ಕಾಲೇಜಿನ ತಯಾರಿ: ಕಲಬುರಗಿ, ಬೀದರ್, ಯಾದಗಿರಿ ಪಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಮೂರು ಜಿಲ್ಲೆಗಳಲ್ಲಿ 8, 9, 10ನೇ ಕ್ಲಾಸು ಓದುತ್ತಿರುವ ಮಕ್ಕಳಿಗೂ ಅವರ ಪಾಲಕರಿಗೂ ಇದನ್ನು ಬರೆದಿದ್ದೇನೆ. ಪಾಲಕರ ಸಭೆಯಲ್ಲಿ, ಫೋನಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳೇ ಇವು. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ರಾಜ್ಯಕ್ಕೇ ಕೊನೆಯ ಜಿಲ್ಲೆ. 2025ರಲ್ಲಿ ಕಲಬುರಗಿ. ಪೇಪರಿನಲ್ಲಿ ಅದನ್ನು ಓದಿದರೆ ಕರುಳು ಚುರ್ ಎನ್ನುತ್ತದೆ. ಅಷ್ಟೇ ಸಂಕಟ ಆಗುವುದು ಇನ್ನೊಂದಕ್ಕೆ: ಒಳ್ಳೆ ಅಂಕ ತೆಗೆದ ಮಕ್ಕಳು ಒಂದು ಕಾಗದ ಇಲ್ಲ ಅಂತ, ಒಂದು ಕೋಟಾ ಗೊತ್ತಿರಲಿಲ್ಲ ಅಂತ ಸೀಟು ಕಳೆದುಕೊಳ್ಳುತ್ತಾರೆ. ಓದಿನ ಕೊರತೆ ತುಂಬಲು ವರ್ಷಗಳು ಬೇಕು. ಕಾಗದದ ಕೊರತೆ ಹೈಸ್ಕೂಲಿನಲ್ಲೇ ತುಂಬಬಹುದು.

ಕಾಲೇಜಿನ ತಯಾರಿ ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಮಾಡಿದರೆ ಸಾಲದಾ?

ಸಾಲದು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಪಿಯು ಅಡ್ಮಿಶನ್‌ಗೆ ಸಿಗುವುದು ಕೆಲವೇ ವಾರ. ಅದೇ ಹೊತ್ತಿಗೆ ನಾಡಕಚೇರಿ ಮುಂದೆ ಊರಿಗೆ ಊರೇ ಸಾಲು ನಿಂತಿರುತ್ತದೆ. ಸರ್ವರ್ ಡೌನ್, ಸಾಹೇಬರು ಮೀಟಿಂಗ್‌ನಲ್ಲಿ, ನಾಳೆ ಬನ್ನಿ. ಇದೆಲ್ಲ ಗೊತ್ತಿರುವುದೇ ಅಲ್ವಾ?

8ನೇ ಕ್ಲಾಸಿನಲ್ಲಿ ಸ್ಕಾಲರ್‌ಶಿಪ್ ಪರೀಕ್ಷೆ, 9ರಲ್ಲಿ ಹೆಸರು, ಹುಟ್ಟಿದ ದಿನಾಂಕದ ತಿದ್ದುಪಡಿ ಮತ್ತು ಪ್ರಮಾಣಪತ್ರಗಳು, 10ರಲ್ಲಿ ಓದು ಮತ್ತು ಮುಂದೇನು ಅನ್ನುವ ಯೋಚನೆ. ಇದೇ ಸರಿಯಾದ ಕ್ರಮ. 10ನೇ ಕ್ಲಾಸಿನ ಮಗುವನ್ನು ಜನವರಿಯಲ್ಲಿ ಕಚೇರಿಯಿಂದ ಕಚೇರಿಗೆ ಅಲೆಸುವಂತೆ ಆಗಬಾರದು.

ಆಧಾರ್‌ನಲ್ಲಿ ಒಂದು ಹೆಸರು, ಸಾಲಿಯಲ್ಲಿ ಒಂದು ಹೆಸರು. ನಡೆಯುತ್ತದಾ?

ಹೈಸ್ಕೂಲಿನಲ್ಲಿ ನಡೆಯುತ್ತದೆ. ಆಮೇಲೆ ನಡೆಯಲ್ಲ. ನಮ್ಮ ಕಡೆ ಈ ತೊಂದರೆ ತೀರಾ ಜಾಸ್ತಿ. ಶರಣಬಸಪ್ಪ ಅನ್ನುವ ಹೆಸರನ್ನೇ ತಗೊಳ್ಳಿ. ಶಾಲಾ ದಾಖಲಾತಿಯಲ್ಲಿ ಶರಣಬಸಪ್ಪ, ಆಧಾರ್‌ನಲ್ಲಿ ಶರಣಬಸವ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬರೀ ಶರಣು. ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಒಂದು ‘ಎ’ ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. ಒಂದರಲ್ಲಿ ಅಪ್ಪನ ಹೆಸರು ಸೇರಿದೆ, ಒಂದರಲ್ಲಿ ಅಡ್ಡಹೆಸರು. ಮನುಷ್ಯರಿಗೆ ಇದು ಒಬ್ಬನೇ ಹುಡುಗ ಅಂತ ತಿಳಿಯುತ್ತದೆ. ಕಂಪ್ಯೂಟರಿಗೆ ಮೂವರು ಹುಡುಗರು.

ಮೊದಲು ಒಂದು ಕಡೆ ಕೂತು ಶಾಲೆಯ ದಾಖಲಾತಿ, ಸ್ಯಾಟ್ಸ್ (ಶಾಲಾ ಮಕ್ಕಳ ವಿವರ ಇರುವ ಸರ್ಕಾರದ ಆನ್‌ಲೈನ್ ವ್ಯವಸ್ಥೆ) ದಾಖಲೆ, ಆಧಾರ್, ಜನನ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಜಾತಿ ಪ್ರಮಾಣಪತ್ರ ಇಷ್ಟನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿ. ತಂದೆ, ತಾಯಿ ಹೆಸರನ್ನೂ ನೋಡಿ. ಯಾವುದು ಸರಿ ಅಂತ ಮನೆಯಲ್ಲಿ ತೀರ್ಮಾನಿಸಿ, ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಿ. ಶಾಲೆಯ ದಾಖಲೆಯ ತಿದ್ದುಪಡಿಯನ್ನು ಎಸ್ಸೆಸ್ಸೆಲ್ಸಿ ನೋಂದಣಿಗೆ ಮೊದಲೇ ಹೆಡ್‌ಮಾಸ್ತರ ಮೂಲಕ ಮಾಡಿಸಬೇಕು. ಮಾರ್ಕ್ಸ್ ಕಾರ್ಡ್ ಪ್ರಿಂಟ್ ಆದ ಮೇಲೆ ಹೆಸರು ತಿದ್ದಲು ಬೋರ್ಡಿಗೆ ಹೋಗಬೇಕು. ಹುಟ್ಟಿದ ದಿನಾಂಕವಾದರೆ ಕೋರ್ಟ್ ತನಕ ಹೋಗಬೇಕಾಗಬಹುದು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇದ್ದದ್ದೇ ಜೀವಮಾನದ ಹೆಸರು, ಜೀವಮಾನದ ಹುಟ್ಟಿದ ದಿನ. 10ನೇ ಕ್ಲಾಸಿನಲ್ಲಿ ಪರಿಶೀಲನೆಗೆ ಅಂತ ನಾಮಿನಲ್ ರೋಲ್, ಅಂದರೆ ಪರೀಕ್ಷೆ ಬರೆಯುವ ಮಕ್ಕಳ ವಿವರದ ಪಟ್ಟಿ, ತೋರಿಸುತ್ತಾರೆ. ಆ ದಿನ ಮಗು ಸುಮ್ನೆ ಸಹಿ ಹಾಕಿ ಬರಬಾರದು. ಪಾಲಕರೂ ಹೋಗಿ ನೋಡಬೇಕು.

371(ಜೆ) ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಮಗುವಿಗೆ ಅದರಿಂದ ಏನು ಲಾಭ?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ.

ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಭಾಗ ಶಾಲೆ, ಕಾಲೇಜು, ನೌಕರಿ ಎಲ್ಲದರಲ್ಲೂ ಹಿಂದೆ ಉಳಿಯಿತು. ಅದನ್ನು ಸರಿಪಡಿಸಬೇಕು ಅಂತ ವರ್ಷಗಟ್ಟಲೆ ಹೋರಾಟ ನಡೆದು, ಸಂವಿಧಾನದ 98ನೇ ತಿದ್ದುಪಡಿಯ ಮೂಲಕ 371(ಜೆ) ವಿಧಿ ಬಂತು. 2013ರಿಂದ ಜಾರಿಯಲ್ಲಿದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳು ಇದರಲ್ಲಿವೆ.

ಸೀಟಿನ ಲೆಕ್ಕ ಹೀಗಿದೆ. ಈ ಭಾಗದ ಒಳಗಿರುವ ಕಾಲೇಜುಗಳಲ್ಲಿ 70% ಸೀಟು ಈ ಭಾಗದ ಮಕ್ಕಳಿಗೆ. ರಾಜ್ಯದ ಉಳಿದ ಕಡೆ, ಅಂದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಕಾಲೇಜುಗಳಲ್ಲಿ 8%. ಜಾತಿ ಮೀಸಲಾತಿ ಇದರ ಒಳಗೂ ಇರುತ್ತದೆ. ಹಾಗಾಗಿ ಸಾಮಾನ್ಯ ವರ್ಗದ ಮಗುವಿಗೂ 371(ಜೆ) ಸಿಗುತ್ತದೆ, ಪರಿಶಿಷ್ಟ ಜಾತಿಯ ಮಗುವಿಗೂ ಸಿಗುತ್ತದೆ. ವೃತ್ತಿಪರ ಕೋರ್ಸುಗಳ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಪ್ರತಿ ವರ್ಷ ಕಾಲೇಜುವಾರು ಕಟ್‌ಆಫ್ ಪಟ್ಟಿ ಹಾಕುತ್ತದೆ. ಅದರಲ್ಲಿ ನಮ್ಮ ಭಾಗದ ಪಟ್ಟಿ ಬೇರೆಯೇ ಇರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ, ನಿಮಗೇ ವ್ಯತ್ಯಾಸ ತಿಳಿಯುತ್ತದೆ.

ಆದರೆ ಇಲ್ಲೇ ಹುಟ್ಟಿ ಇಲ್ಲೇ ಬೆಳೆದರೂ ಕಾಗದ ಇಲ್ಲದಿದ್ದರೆ ಈ ಹಕ್ಕು ಸಿಗಲ್ಲ. ಸಹಾಯಕ ಆಯುಕ್ತರು, ಅಂದರೆ ಎಸಿ ಸಾಹೇಬರು, ಕೊಡುವ ಅರ್ಹತಾ ಪ್ರಮಾಣಪತ್ರ ಬೇಕೇ ಬೇಕು. ಕಲಬುರಗಿ ಜಿಲ್ಲೆಯವರಿಗೆ ಕಲಬುರಗಿ ಮತ್ತು ಸೇಡಂನಲ್ಲಿ, ಬೀದರ್ ಜಿಲ್ಲೆಯವರಿಗೆ ಬೀದರ್ ಮತ್ತು ಬಸವಕಲ್ಯಾಣದಲ್ಲಿ, ಯಾದಗಿರಿಯವರಿಗೆ ಯಾದಗಿರಿಯಲ್ಲಿ ಎಸಿ ಕಚೇರಿ ಇದೆ. ಪರಿಶೀಲನೆ ಕೆಳಗಿನಿಂದ ಮೇಲೆ ಹೋಗುತ್ತದೆ. ಊರಲ್ಲಿ ಇನ್ನೂ ತಲಾಠಿ ಅಂತಲೇ ಕರೆಯುವ ಗ್ರಾಮ ಆಡಳಿತಾಧಿಕಾರಿಯಿಂದ ತಹಶೀಲ್ದಾರ್ ಕಚೇರಿಗೆ, ಅಲ್ಲಿಂದ ಎಸಿ ಸಹಿಗೆ. ಅದಕ್ಕೇ ಟೈಮ್ ಹಿಡಿಯುತ್ತದೆ. 9ನೇ ಕ್ಲಾಸಿನ ದಸರಾ ರಜೆಯಲ್ಲಿ ಅರ್ಜಿ ಹಾಕಿದರೆ ಯಾವ ಆತಂಕವೂ ಇಲ್ಲದೆ ಕೈಗೆ ಬರುತ್ತದೆ. ಮುಂದೆ ರಾಜ್ಯ ಸರ್ಕಾರದ ನೌಕರಿಯಲ್ಲೂ 371(ಜೆ) ಮೀಸಲಾತಿ ಇದೆ.

ಮಗು ಹುಟ್ಟಿದ್ದು ಅದರ ತಾಯಿಯ ತವರಲ್ಲಿ, ಸೊಲ್ಲಾಪುರದಲ್ಲಿ. 371(ಜೆ) ಸಿಗಲ್ಲವಾ?

ಮೊದಲ ಹೆರಿಗೆ ತವರಲ್ಲಿ ಆಗುವುದು ನಮ್ಮ ಪದ್ಧತಿ. ಆಳಂದ, ಅಫಜಲಪುರ, ಬಸವಕಲ್ಯಾಣದ ಕಡೆ ಎಷ್ಟೋ ಸೊಸೆಯಂದಿರ ತವರು ಸೊಲ್ಲಾಪುರ, ಉಮರ್ಗಾ, ವಿಜಯಪುರ, ಜಹೀರಾಬಾದ್. ಇವು ಯಾವುವೂ 371(ಜೆ) ಭಾಗಕ್ಕೆ ಸೇರಲ್ಲ. ವಿಜಯಪುರ ಕರ್ನಾಟಕದಲ್ಲೇ ಇದ್ದರೂ ಸೇರಲ್ಲ.

ಹಾಗಂತ ಕೈ ಬಿಡಬೇಡಿ. ಮಗು ಹುಟ್ಟಿದ ಊರನ್ನು ತೋರಿಸಲು ಆಗದಿದ್ದಾಗ ತಂದೆ, ತಾಯಿ ಈ ಭಾಗದವರು ಅನ್ನುವ ಆಧಾರ ತೋರಿಸಬೇಕು. ತಂದೆಯ ಶಾಲಾ ದಾಖಲೆ, ಹಳೆಯ ಪಹಣಿ, ಹಳೆಯ ರೇಷನ್ ಕಾರ್ಡು, ವೋಟರ್ ಲಿಸ್ಟಿನ ಪ್ರತಿ, ಮಗುವಿನ ಶಾಲಾ ವ್ಯಾಸಂಗ ಪ್ರಮಾಣಪತ್ರ, ಇವನ್ನೆಲ್ಲ ಒಟ್ಟು ಮಾಡಿ ಎಸಿ ಕಚೇರಿಯಲ್ಲಿ ಕೇಳಿ. ಇಂಥ ಅರ್ಜಿಗೆ ಜಾಸ್ತಿ ದಿನ ಬೇಕು. ನೀವಂತೂ 9ನೇ ಕ್ಲಾಸು ದಾಟಲು ಬಿಡಲೇಬೇಡಿ.

ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮ ಕೋಟಾ ಯಾರಿಗೆ?

1ರಿಂದ 10ನೇ ಕ್ಲಾಸಿನ ತನಕ ಪೂರಾ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ 15%. ಅದೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5%. ಕೆಇಎ ಪಟ್ಟಿಯಲ್ಲಿ 2ಎಜಿ, 2ಎಕೆ, 2ಎಆರ್ ಅಂತ ಕಾಣುತ್ತದಲ್ಲ, ಅದರಲ್ಲಿ ‘ಕೆ’ ಕನ್ನಡ ಮಾಧ್ಯಮ, ‘ಆರ್’ ಗ್ರಾಮೀಣ.

ಇಲ್ಲಿ ಎರಡು ಮಾತು ಗಮನದಲ್ಲಿ ಇರಲಿ. ಒಂದು, ಲೆಕ್ಕಕ್ಕೆ ಬರುವುದು ನಿಮ್ಮ ಮನೆ ಎಲ್ಲಿದೆ ಅನ್ನುವುದಲ್ಲ, ಶಾಲೆ ಎಲ್ಲಿದೆ ಅನ್ನುವುದು. ಪುರಸಭೆ, ನಗರಸಭೆ, ಪಟ್ಟಣ ಪಂಚಾಯಿತಿ ಇದ್ದ ಊರು ಗ್ರಾಮೀಣ ಅಲ್ಲ. ಹಳ್ಳಿಯಲ್ಲಿ 7ನೇ ಕ್ಲಾಸು ಮುಗಿಸಿ, 8ಕ್ಕೆ ಆಳಂದ ಪಟ್ಟಣದ ಅಥವಾ ಸುರಪುರ ಪಟ್ಟಣದ ಹೈಸ್ಕೂಲಿಗೆ ಸೇರಿದರೆ ಏಳು ವರ್ಷದ ಗ್ರಾಮೀಣ ಓದು ಲೆಕ್ಕಕ್ಕೆ ಬರಲ್ಲ. ಎರಡು, 8ನೇ ಕ್ಲಾಸಿನಲ್ಲಿ ಇಂಗ್ಲಿಷ್ ಮೀಡಿಯಂಗೆ ಹಾಕಿದರೆ ಕನ್ನಡ ಮಾಧ್ಯಮದ ಕೋಟಾ ಹೋಯಿತು. ಪಟ್ಟಣದ ಶಾಲೆ ಒಳ್ಳೆಯದಿದ್ದರೆ ಖಂಡಿತ ಹಾಕಿ, ಒಳ್ಳೆ ಪಾಠಕ್ಕಿಂತ ದೊಡ್ಡ ಕೋಟಾ ಯಾವುದೂ ಇಲ್ಲ. ಆದರೆ ಏನು ಬಿಟ್ಟು ಏನು ತಗೊಳ್ಳುತ್ತಿದ್ದೇವೆ ಅನ್ನುವುದು ಗೊತ್ತಿದ್ದು ಹಾಕಿ. ಪಿಯುಸಿಯಲ್ಲಿ ಪಟ್ಟಣಕ್ಕೆ ಹೋದರೂ, ಇಂಗ್ಲಿಷ್ ಮಾಧ್ಯಮ ತಗೊಂಡರೂ ಈ ಕೋಟಾಗಳಿಗೆ ಧಕ್ಕೆ ಇಲ್ಲ.

ಪ್ರಮಾಣಪತ್ರ ಶಾಲೆಯಲ್ಲಿ ಬರೆಸಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಹಿ ಹಾಕಿಸಬೇಕು. ಎರಡು ಮೂರು ಶಾಲೆಯಲ್ಲಿ ಓದಿದ್ದರೆ ಎಲ್ಲ ಕಡೆಯಿಂದ ತರಬೇಕು. 10ನೇ ಕ್ಲಾಸು ಮುಗಿದು ಟಿಸಿ ತಗೊಳ್ಳುವ ದಿನವೇ ಇದನ್ನೂ ಕೇಳಿಬಿಡಿ.

ನಮ್ಮದು ಉರ್ದು ಮಾಧ್ಯಮ. ಔರಾದ್ ಕಡೆ ಮರಾಠಿ ಮಾಧ್ಯಮದವರೂ ಇದ್ದಾರೆ. ನಮಗೆ ಏನಿದೆ?

ಕನ್ನಡ ಮಾಧ್ಯಮದ 5% ಬಿಟ್ಟು ಉಳಿದದ್ದೆಲ್ಲ ಇದೆ. 371(ಜೆ) ಭಾಷೆ ಕೇಳಲ್ಲ. ಗ್ರಾಮೀಣ ಕೋಟಾವೂ ಕೇಳಲ್ಲ. ಮೆಡಿಕಲ್ ಸೀಟಿಗೆ ಬರೆಯುವ ನೀಟ್ ಪರೀಕ್ಷೆಯ ಪ್ರಶ್ನೆಪತ್ರಿಕೆ 13 ಭಾಷೆಗಳಲ್ಲಿ ಬರುತ್ತದೆ. ಅದರಲ್ಲಿ ಕನ್ನಡ, ಉರ್ದು, ಮರಾಠಿ ಮೂರೂ ಇವೆ.

ಜಾತಿ, ಆದಾಯ ಪ್ರಮಾಣಪತ್ರ ಮೂರು ವರ್ಷದ ಹಿಂದೆ ತೆಗೆಸಿದ್ದೇವೆ. ನಡೆಯುತ್ತದಾ?

ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ. ಹಾಗಾಗಿ ದಿನಾಂಕ ಲೆಕ್ಕ ಹಾಕಿ: ಮಗು ದ್ವಿತೀಯ ಪಿಯುಸಿ ಮುಗಿಸಿ ಕೌನ್ಸೆಲಿಂಗ್‌ಗೆ ಹೋಗುವ ತನಕ ಬರುತ್ತದೋ ಇಲ್ಲವೋ ನೋಡಿ. ಬರದಿದ್ದರೆ ಮುಂಚೆಯೇ ಹೊಸದು ಮಾಡಿಸಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ನಮೂನೆ-ಡಿ, ಪ್ರವರ್ಗ-1ಕ್ಕೆ ನಮೂನೆ-ಇ, 2ಎ, 2ಬಿ, 3ಎ, 3ಬಿಗೆ ನಮೂನೆ-ಎಫ್. ಅದರ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಎಲ್ಲ ಆನ್‌ಲೈನ್ ಅರ್ಜಿಯಲ್ಲೂ ಕೇಳುತ್ತಾರೆ.

ಇನ್ನೊಂದು. ಕೇಂದ್ರದ ಸೀಟುಗಳಿಗೆ, ಅಂದರೆ ನೀಟ್‌ನ ಅಖಿಲ ಭಾರತ ಕೋಟಾ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಇಂಥವಕ್ಕೆ, 2ಎ, 3ಬಿ ಅನ್ನುವ ರಾಜ್ಯದ ಪತ್ರ ನಡೆಯಲ್ಲ. ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿ ಇದ್ದರೆ ಅದರ ಪ್ರಮಾಣಪತ್ರ ಬೇರೆ ತೆಗೆಸಬೇಕು.

ಹೈದರಾಬಾದ್‌ನಲ್ಲೋ ಲಾತೂರಿನಲ್ಲೋ ಪಿಯುಸಿ ಓದಿಸಿದರೆ ಕರ್ನಾಟಕದ ಸರ್ಕಾರಿ ಸೀಟು ಹೋಗುತ್ತದಾ?

ಬೀದರ್‌ನವರು ಇದನ್ನು ಕೇಳದ ವರ್ಷವೇ ಇಲ್ಲ. ನಿಯಮ ಇದು: 1ರಿಂದ ದ್ವಿತೀಯ ಪಿಯುಸಿ ಒಳಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಮತ್ತು 10ನೇ ಕ್ಲಾಸು ಅಥವಾ 12ನೇ ಕ್ಲಾಸು ಎರಡರಲ್ಲಿ ಒಂದನ್ನಾದರೂ ಇಲ್ಲಿ ಪಾಸಾಗಿರಬೇಕು. ಎಸ್ಸೆಸ್ಸೆಲ್ಸಿ ತನಕ ಇಲ್ಲೇ ಓದಿ, ಆಮೇಲೆ ಹೈದರಾಬಾದ್‌ಗೆ ಹೋದ ಮಗುವಿಗೆ ಸಿಇಟಿ (ಎಂಜಿನಿಯರಿಂಗ್, ಕೃಷಿಯಂಥ ಕೋರ್ಸುಗಳ ರಾಜ್ಯದ ಪ್ರವೇಶ ಪರೀಕ್ಷೆ) ಬರೆಯುವ ಅರ್ಹತೆ ಉಳಿಯುತ್ತದೆ.

ತೊಂದರೆ ಆಗುವುದು ಬೇರೆಯವರಿಗೆ. ಪುಣೆ, ಮುಂಬೈ, ಹೈದರಾಬಾದ್‌ಗೆ ದುಡಿಯಲು ಹೋಗುವ ಮನೆಗಳ ಮಕ್ಕಳು ಎರಡು ವರ್ಷ ಅಲ್ಲಿ, ಮೂರು ವರ್ಷ ಇಲ್ಲಿ ಓದಿರುತ್ತಾರೆ. ಏಳು ವರ್ಷ ತುಂಬುತ್ತದಾ ಅಂತ ಯಾರೂ ಎಣಿಸಿರುವುದಿಲ್ಲ. ಯಾದಗಿರಿಯ ತಾಂಡಾಗಳಲ್ಲಿ, ಹಳ್ಳಿಗಳಲ್ಲಿ ಇಂಥ ಮಕ್ಕಳು ಬಹಳ. ಶಿಕ್ಷಕರು ಇದನ್ನು ಓದುತ್ತಿದ್ದರೆ ದಯವಿಟ್ಟು 8ನೇ ಕ್ಲಾಸಿಗೆ ಹೊಸದಾಗಿ ಸೇರಿದ ಮಗುವಿನ ಹಳೆಯ ಟಿಸಿಗಳನ್ನು ಒಮ್ಮೆ ಎಣಿಸಿ ನೋಡಿ. 8ರಿಂದ ಪಿಯುಸಿ ತನಕ ಐದು ವರ್ಷ ಇಲ್ಲಿ ಆಗುತ್ತದೆ. ಹಿಂದಿನ ಎರಡು ವರ್ಷದ ದಾಖಲೆ ಸಿಕ್ಕರೆ ಮಗು ದಡ ಸೇರುತ್ತದೆ.

ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ ಕಡೆ ಓದುವ ನೆಂಟರ ಮಕ್ಕಳಿದ್ದರೆ, ಅವರಿಗೆ ಗಡಿನಾಡ ಕನ್ನಡಿಗರ ನಿಯಮ ಬೇರೆ ಇದೆ. ಅದಕ್ಕೆ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು.

85% ಬರುವ ಹುಡುಗ ಸೈನ್ಸ್ ತಗೊಳ್ಳದಿದ್ದರೆ ವ್ಯರ್ಥ ಅಲ್ವಾ?

ಅಲ್ಲ. ಅಂಕ ಜಾಸ್ತಿ ಬಂದವರೆಲ್ಲ ಸೈನ್ಸ್, ಕಮ್ಮಿ ಬಂದವರು ಆರ್ಟ್ಸ್ ಅನ್ನುವ ಲೆಕ್ಕ ನಮ್ಮ ಮಕ್ಕಳಿಗೆ ಬಹಳ ಅನ್ಯಾಯ ಮಾಡಿದೆ. ಗಣಿತ, ವಿಜ್ಞಾನ ಓದಲು ಕೂತರೆ ಮಗುವಿಗೆ ಹೊತ್ತು ಹೋದದ್ದು ಗೊತ್ತಾಗಲ್ಲವಾ? ಹಾಗಿದ್ದರೆ ಸೈನ್ಸ್. ಸಮಾಜ, ಭಾಷೆ, ಲೆಕ್ಕಪತ್ರ ಅಂದರೆ ಖುಷಿನಾ? ಪಿಯುಸಿ ಆದ ಮೇಲೆ ಐದು ವರ್ಷದ ಕಾನೂನು ಓದಬಹುದು, ಬಿ.ಕಾಂ ಜೊತೆ ಸಿಎ ಮಾಡಬಹುದು, ಡಿ.ಇಎಲ್.ಇಡಿ ಮಾಡಿ ಶಿಕ್ಷಕರಾಗಬಹುದು, ಐಎಎಸ್, ಕೆಎಎಸ್‌ಗೆ ತಯಾರಾಗಬಹುದು.

ಸೈನ್ಸ್ ತಗೊಳ್ಳುವವರು ಕಾಂಬಿನೇಶನ್ ನೋಡಿ ತಗೊಳ್ಳಿ. ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ) ತಗೊಂಡರೆ ಮೆಡಿಕಲ್, ಎಂಜಿನಿಯರಿಂಗ್, ಕೃಷಿ, ಪಶುವೈದ್ಯಕೀಯ ಎಲ್ಲದಕ್ಕೂ ದಾರಿ ಇರುತ್ತದೆ. ಬಯಾಲಜಿ ಬಿಟ್ಟು ಕಂಪ್ಯೂಟರ್ ಸೈನ್ಸ್ ಇರುವ ಪಿಸಿಎಂಸಿ ತಗೊಂಡರೆ ನೀಟ್ ಇಲ್ಲ. ಎಂಜಿನಿಯರಿಂಗ್‌ಗೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಸೇರಿ ಸಾಮಾನ್ಯ ವರ್ಗಕ್ಕೆ 45%, ಮೀಸಲಾತಿ ವರ್ಗಗಳಿಗೆ 40% ಬೇಕು.

ಕನ್ನಡ ಸಾಲಿಯಲ್ಲಿ ಓದಿದ ಮಗಳು ಪಿಯು ಸೈನ್ಸ್ ಇಂಗ್ಲಿಷಿನಲ್ಲಿ ಹೇಗೆ ಓದುತ್ತಾಳೆ?

ಮೊದಲ ಮೂರ್ನಾಲ್ಕು ತಿಂಗಳು ಅಳುತ್ತಾಳೆ. ಸುಳ್ಳು ಹೇಳಿ ಪ್ರಯೋಜನ ಇಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದ ಮಗು ಮೊದಲ ಟೆಸ್ಟಿನಲ್ಲಿ ಕಡಿಮೆ ಅಂಕ ತಂದು ಮುಖ ಸಪ್ಪೆ ಮಾಡಿಕೊಂಡು ಕೂರುತ್ತದೆ. ಅದು ದಡ್ಡತನ ಅಲ್ಲ. ವಿಷಯ ಗೊತ್ತಿದೆ, ಪದ ಗೊತ್ತಿಲ್ಲ, ಅಷ್ಟೇ.

ಈ ನೋವನ್ನು 9ನೇ ಕ್ಲಾಸಿನಿಂದಲೇ ಕಡಿಮೆ ಮಾಡಬಹುದು. ರಾಜ್ಯ ಪಠ್ಯಕ್ರಮದ ವಿಜ್ಞಾನ, ಗಣಿತದ ಪುಸ್ತಕಗಳು ಇಂಗ್ಲಿಷ್ ಮಾಧ್ಯಮದಲ್ಲೂ ಅದೇ ಪಾಠ, ಅದೇ ಚಿತ್ರ. ಆ ಪುಸ್ತಕ ಒಂದು ತನ್ನಿ, ಇಲ್ಲ ಪಿಡಿಎಫ್ ಇಳಿಸಿಕೊಳ್ಳಿ. ಕನ್ನಡದಲ್ಲಿ ಪಾಠ ಮುಗಿದ ದಿನ ಸಂಜೆ ಅದೇ ಪಾಠದ ಚಿತ್ರಗಳನ್ನು ಇಂಗ್ಲಿಷ್ ಪುಸ್ತಕದಲ್ಲಿ ತೆಗೆದು, ಭಾಗಗಳ ಹೆಸರನ್ನು ಎರಡೂ ಭಾಷೆಯಲ್ಲಿ ಬರೆದುಕೊಳ್ಳಲಿ. ಹೃದಯದ ಚಿತ್ರ, ಕಣ್ಣಿನ ಚಿತ್ರ, ವಿದ್ಯುತ್ ಮಂಡಲ. ದಿನಕ್ಕೆ ಹತ್ತು ಪದ ಸಾಕು. ವ್ಯಾಕರಣ ಕಲಿಸಲು ಹೋಗಬೇಡಿ, ಪದ ಕಲಿಸಿ. ಎಸ್ಸೆಸ್ಸೆಲ್ಸಿ ಮುಗಿದು ಪಿಯುಸಿ ಶುರುವಾಗುವ ತನಕ ಬೇಸಿಗೆ ಇರುತ್ತದೆ. ನಮ್ಮ ಕಡೆ ಬಿಸಿಲಿಗೆ ಮಧ್ಯಾಹ್ನ ಯಾರೂ ಹೊರಗೆ ಕಾಲಿಡಲ್ಲ. ಆ ಹೊತ್ತಿನಲ್ಲಿ ಪ್ರಥಮ ಪಿಯು ಪುಸ್ತಕದ ಮೊದಲ ಎರಡು ಅಧ್ಯಾಯ ನಿಧಾನವಾಗಿ ಓದಿದರೂ ಬಹಳ ಧೈರ್ಯ ಬರುತ್ತದೆ.

ಪಾಲಕರಿಗೆ ಒಂದು ಬೇಡಿಕೆ: ಆ ಮೊದಲ ಟೆಸ್ಟಿನ ಅಂಕ ನೋಡಿ ‘ನಿನ್ನ ಕೈಲಿ ಆಗಲ್ಲ, ಬಿಡು’ ಅನ್ನಬೇಡಿ.

8ನೇ ಕ್ಲಾಸಿನಿಂದಲೇ ನೀಟ್ ಫೌಂಡೇಶನ್ ಕೋಚಿಂಗ್ ಹಾಕಬೇಕಾ?

ಬೇಕಿಲ್ಲ. ಸಾಲ ಮಾಡಿಯಂತೂ ಬೇಡವೇ ಬೇಡ. 8, 9, 10ನೇ ಕ್ಲಾಸಿನ ವಿಜ್ಞಾನ, ಗಣಿತ ಪುಸ್ತಕವನ್ನು ಅರ್ಥ ಮಾಡಿಕೊಂಡು ಓದಿದ ಮಗುವಿಗೆ ಅದೇ ಫೌಂಡೇಶನ್. ಬೀಜಗಣಿತ, ತ್ರಿಕೋನಮಿತಿ, ರಾಸಾಯನಿಕ ಸಮೀಕರಣ ಸರಿದೂಗಿಸುವುದು ಗಟ್ಟಿ ಇರಲಿ. ದುಡ್ಡು ಇದ್ದರೆ ಪಿಯುಸಿಗೆ ಉಳಿಸಿ.

ಸಿಇಟಿಗೂ ನೀಟ್‌ಗೂ ಏನು ವ್ಯತ್ಯಾಸ?

ಎಂಬಿಬಿಎಸ್, ಬಿಡಿಎಸ್, ಆಯುರ್ವೇದಕ್ಕೆ ನೀಟ್. ಎಂಜಿನಿಯರಿಂಗ್, ಕೃಷಿ, ಪಶುವೈದ್ಯಕೀಯ, ಫಾರ್ಮಸಿಗೆ ಸಿಇಟಿ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಡಿತ ಇಲ್ಲ. ನೀಟ್‌ನಲ್ಲಿ 720 ಅಂಕ, ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಡಿತ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಬೋರ್ಡ್ ಪರೀಕ್ಷೆಯನ್ನು ಕಡೆಗಣಿಸುವ ಕೋಚಿಂಗ್‌ನವರ ಮಾತು ಕೇಳಬೇಡಿ.

ತೊಗರಿ ರಾಶಿ ಟೈಮಲ್ಲಿ ಮಗ ಸಾಲಿಗೆ ಹೋಗಲ್ಲ. ಏನು ಮಾಡೋದು?

ಡಿಸೆಂಬರ್, ಜನವರಿ ನಮ್ಮ ಭಾಗದ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಕೈತಪ್ಪುವ ತಿಂಗಳು. ಹೊಲದಲ್ಲಿ ಕೈ ಬೇಕು, ಕೂಲಿ ತುಟ್ಟಿ, ಹುಡುಗ ಬಲಿತಿದ್ದಾನೆ. ಇದು ಪಾಲಕರ ತಪ್ಪು ಅಂತ ಹೇಳುವ ಮನಸ್ಸು ನನಗಿಲ್ಲ. ಆದರೆ ಶಾಲೆಯಲ್ಲಿ ಪಾಠ ಮುಗಿದು ಪುನರಾವರ್ತನೆ, ಪೂರ್ವಸಿದ್ಧತಾ ಪರೀಕ್ಷೆ ಶುರುವಾಗುವುದೂ ಇದೇ ಹೊತ್ತಿಗೆ. ಬೋರ್ಡ್ ಪರೀಕ್ಷೆ ಮಾರ್ಚ್‌ನಲ್ಲಿ. ಹೊಲಕ್ಕೆ ಕರೆಯಲೇಬೇಕಾದರೆ ಶನಿವಾರ ಮಧ್ಯಾಹ್ನ, ಭಾನುವಾರ ಕರೆಯಿರಿ. ಪೂರ್ವಸಿದ್ಧತಾ ಪರೀಕ್ಷೆ ಒಂದೂ ತಪ್ಪಿಸಬೇಡಿ. ಬೋರ್ಡಿನ ವೆಬ್‌ಸೈಟಿನಲ್ಲಿ ಮಾದರಿ ಪ್ರಶ್ನೆಪತ್ರಿಕೆ ಪುಕ್ಕಟೆ ಸಿಗುತ್ತವೆ. ರಾತ್ರಿ ಒಂದು ಗಂಟೆ ಕೂತು ಬಿಡಿಸಲಿ.

ಹೊಲದ ಕೆಲಸ ಗೊತ್ತಿರುವುದರಿಂದ ಕಾಲೇಜಿಗೆ ಲಾಭ ಇದೆಯಾ?

ಇದೆ. ಬಿ.ಎಸ್ಸಿ ಕೃಷಿ ಮತ್ತು ಅದಕ್ಕೆ ಹೊಂದಿದ ಕೋರ್ಸುಗಳಲ್ಲಿ ಕೃಷಿಕರ ಮಕ್ಕಳಿಗೆ ಬೇರೆ ಕೋಟಾ ಇದೆ. ಅದಕ್ಕೆ ತಹಶೀಲ್ದಾರರಿಂದ ಕೃಷಿಕರ ಪ್ರಮಾಣಪತ್ರ ಬೇಕು, ಜೊತೆಗೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಗೊಬ್ಬರ, ಕಳೆ, ಕೀಟ, ಕೃಷಿ ಉಪಕರಣ ಗುರುತಿಸಬೇಕು. ತೊಗರಿ, ಜೋಳ, ಹೆಸರು, ಉದ್ದು ನೋಡುತ್ತ ಬೆಳೆದ ಮಗುವಿಗೆ ಅರ್ಧ ಕೆಲಸ ಮುಗಿದಂತೆ. ಭತ್ತ, ಅಡಿಕೆ, ಕಾಫಿ ಇಂಥವನ್ನು ಮಾತ್ರ ಕಲಿಯಬೇಕು. ಕಲಬುರಗಿಯಲ್ಲಿ, ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜು ಇದೆ. ಎರಡೂ ರಾಯಚೂರು ಕೃಷಿ ವಿಶ್ವವಿದ್ಯಾಲಯದವು.

ಹತ್ತಿರದಲ್ಲೇ ಏನೇನು ಕಾಲೇಜು ಇವೆ?

ಮೆಡಿಕಲ್‌ಗೆ ಕಲಬುರಗಿಯಲ್ಲಿ ಜಿಮ್ಸ್, ಇಎಸ್‌ಐಸಿ, ಎಂ.ಆರ್. ಮೆಡಿಕಲ್ ಕಾಲೇಜು, ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್. ಎಂಜಿನಿಯರಿಂಗ್‌ಗೆ ಕಲಬುರಗಿಯ ಪಿಡಿಎ 1958ರಿಂದ ಇದೆ. ಬೀದರ್‌ನಲ್ಲಿ ಗುರುನಾನಕ್ ದೇವ್, ಭಾಲ್ಕಿಯಲ್ಲಿ ಭೀಮಣ್ಣ ಖಂಡ್ರೆ ಕಾಲೇಜು. ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರವೇ ಬೀದರ್‌ನ ನಂದಿನಗರದಲ್ಲಿದೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ. ಅಲ್ಲಿಯ ಪದವಿ ಕೋರ್ಸಿಗೆ ಸಿಯುಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಮನೆ ಬಾಗಿಲಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದ್ದೂ ನಮ್ಮ ಮಕ್ಕಳಲ್ಲಿ ಬಹಳ ಮಂದಿಗೆ ಆ ಪರೀಕ್ಷೆಯ ಹೆಸರೇ ಗೊತ್ತಿಲ್ಲ.

ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಯಲ್ಲಿ, ದಾಲ್ ಮಿಲ್‌ನಲ್ಲಿ ದುಡಿಯುವ ಪಾಲಕರು ಗಮನಿಸಿ. ನಿಮ್ಮ ಸಂಬಳದಲ್ಲಿ ಇಎಸ್‌ಐ ಕಡಿತ ಆಗುತ್ತಿದ್ದರೆ, ಇಎಸ್‌ಐಸಿ ಮೆಡಿಕಲ್ ಕಾಲೇಜುಗಳಲ್ಲಿ ವಿಮಾದಾರರ ಮಕ್ಕಳಿಗೇ ಅಂತ ಸೀಟುಗಳಿವೆ. ನೀಟ್ ಬರೆಯಬೇಕು, ಜೊತೆಗೆ ವಿಮಾದಾರರ ಮಗು ಅನ್ನುವ ಪ್ರಮಾಣಪತ್ರ ಬೇಕು.

ಪಿಯುಸಿ ಬದಲು ಡಿಪ್ಲೊಮಾ ಮಾಡಿಸಬಹುದಾ?

ಖಂಡಿತ. ಎಸ್ಸೆಸ್ಸೆಲ್ಸಿ ಅಂಕದ ಮೇಲೆ ಸೀಟು, ಮೂರು ವರ್ಷದ ಓದು. ಆಮೇಲೆ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಕೈಕೆಲಸದಲ್ಲಿ ಆಸಕ್ತಿ ಇರುವ, ಬೇಗ ದುಡಿಯಬೇಕಾದ ಮಗುವಿಗೆ ಇದು ಒಳ್ಳೆ ದಾರಿ. ಕಲಬುರಗಿಯ ಜಿಟಿಟಿಸಿಯಲ್ಲಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಕೋರ್ಸೂ ಇದೆ. ಅದನ್ನು ಒಮ್ಮೆ ಹೋಗಿ ಕಣ್ಣಾರೆ ನೋಡಿ ಬನ್ನಿ.

ದುಡ್ಡಿಗೆ ಏನು ಮಾಡೋದು?

8ನೇ ಕ್ಲಾಸಿನಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಬರೆಸಿ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಇದು. ಮನೆಯ ವರ್ಷದ ಆದಾಯ 3.5 ಲಕ್ಷ ಮೀರಬಾರದು. ಪಾಸಾಗಿ ಆಯ್ಕೆಯಾದರೆ 9ರಿಂದ 12ರ ತನಕ ವರ್ಷಕ್ಕೆ 12,000 ರೂಪಾಯಿ.

10ನೇ ಕ್ಲಾಸಿನ ನಂತರ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್‌ಗೆ ಅರ್ಜಿ. ಹಣ ಬರಲು ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಬ್ಯಾಂಕಿನಲ್ಲಿ ಹೋಗಿ ‘ಎನ್‌ಪಿಸಿಐ ಆಗಿದೆಯಾ?’ ಅಂತಲೇ ಕೇಳಿ. ಬರೀ ಆಧಾರ್ ಝೆರಾಕ್ಸ್ ಕೊಟ್ಟು ಬಂದರೆ ಸಾಲದು. ಎಂಜಿನಿಯರಿಂಗ್‌ನಲ್ಲಿ ಎಸ್‌ಎನ್‌ಕ್ಯೂ ಅಂತ 5% ಹೆಚ್ಚುವರಿ ಸೀಟುಗಳಿವೆ. ಆದಾಯ 8 ಲಕ್ಷದ ಒಳಗಿದ್ದವರಿಗೆ ಬೋಧನಾ ಶುಲ್ಕ ಇಲ್ಲ. ಊಟ, ವಸತಿಗೆ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ (ಬಿಸಿಎಂ), ಅಲ್ಪಸಂಖ್ಯಾತರ ಹಾಸ್ಟೆಲ್‌ಗಳಿವೆ. ಅರ್ಜಿ ಕರೆದ ವಾರವೇ ಹಾಕಿ.

ಹೆಣ್ಣುಮಗಳನ್ನು ದೂರ ಕಳಿಸಲು ಮನೆಯಲ್ಲಿ ಹಿರಿಯರು ಒಪ್ಪಲ್ಲ.

ಈ ಪ್ರಶ್ನೆಯನ್ನು ಹುಡುಗಿಯರೇ ಬಂದು ಕೇಳುತ್ತಾರೆ, ಮೆಲ್ಲಗೆ, ಎಲ್ಲರೂ ಹೋದ ಮೇಲೆ. ತಂಗಿ, ನಿನಗೆ ಹೇಳುವುದು ಇಷ್ಟು. ಜಗಳ ಮಾಡುವ ಬದಲು ಲೆಕ್ಕ ತೋರಿಸು. 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಆಳಂದದಿಂದ ಕಲಬುರಗಿಗೆ, ಭಾಲ್ಕಿಯಿಂದ ಬೀದರ್‌ಗೆ ದಿನಾ ಹೋಗಿ ಬರಬಹುದು. ಇರಬೇಕಾದರೆ ಹೆಣ್ಣುಮಕ್ಕಳದ್ದೇ ಸರ್ಕಾರಿ ಹಾಸ್ಟೆಲ್ ಇದೆ. ನಿಮ್ಮ ಊರಿಂದ ಈಗಾಗಲೇ ಅಲ್ಲಿ ಓದುತ್ತಿರುವ ಅಕ್ಕ ಯಾರಾದರೂ ಇದ್ದರೆ ಅವಳ ಅವ್ವನನ್ನು ನಿನ್ನ ಅವ್ವನ ಹತ್ತಿರ ಕರೆದುಕೊಂಡು ಬಾ. ಮಾಸ್ತರು ಹೇಳುವ ನೂರು ಮಾತಿಗಿಂತ ಅದು ಕೆಲಸ ಮಾಡುತ್ತದೆ.

ಪಾಲಕರೇ, 18 ತುಂಬದ ಮಗಳ ಮದುವೆ ಅಪರಾಧ. ಅದಕ್ಕಿಂತ ದೊಡ್ಡ ಮಾತು, ಓದಬೇಕು ಅಂತ ಕೇಳುವ ಮಗುವನ್ನು ತಡೆಯಬೇಡಿ. ಮದುವೆಯ ಒತ್ತಡ ಬಂದರೆ, ಬೇರೆ ತೊಂದರೆ ಇದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ಎಸ್ಸೆಸ್ಸೆಲ್ಸಿ ಫೇಲಾದರೆ ವರ್ಷ ಹೋದಂತೆನಾ?

ಇಲ್ಲ. ಪರೀಕ್ಷೆ-2 ಅದೇ ಬೇಸಿಗೆಯಲ್ಲಿ ಬರುತ್ತದೆ. ಫೇಲಾದ ವಿಷಯ ಮಾತ್ರ ಬರೆದು ಪಾಸಾದರೆ ಅದೇ ವರ್ಷ ಪಿಯುಸಿ, ಐಟಿಐ, ಡಿಪ್ಲೊಮಾ ಸೇರಬಹುದು. ಫಲಿತಾಂಶದ ದಿನ ಮಗುವನ್ನು ಒಂಟಿಯಾಗಿ ಬಿಡಬೇಡಿ. ಮರುದಿನವೇ ಶಾಲೆಗೆ ಕರೆದುಕೊಂಡು ಹೋಗಿ ಅರ್ಜಿ ಕಟ್ಟಿಸಿ.

ಸಿಇಟಿ ಅರ್ಜಿ, ಆಪ್ಷನ್ ಎಂಟ್ರಿಯಲ್ಲಿ (ಕಾಲೇಜು, ಕೋರ್ಸು ಆರಿಸುವಾಗ) ಎಲ್ಲಿ ಎಡವುತ್ತಾರೆ?

ಇಂಟರ್‌ನೆಟ್ ಅಂಗಡಿಯಲ್ಲಿ. ಸಾಲು ದೊಡ್ಡದು, ಅಂಗಡಿಯವರಿಗೆ ಅವಸರ, 371(ಜೆ) ಇದೆಯಾ ಅಂದಾಗ ಹುಡುಗ ಸುಮ್ಮನಿರುತ್ತಾನೆ, ‘ಇಲ್ಲ’ ಅಂತ ಒತ್ತಿಬಿಡುತ್ತಾರೆ. ಗ್ರಾಮೀಣ, ಕನ್ನಡ ಮಾಧ್ಯಮ, 371(ಜೆ), ಜಾತಿ, ಆದಾಯ ಎಲ್ಲವನ್ನೂ ಅರ್ಜಿ ತುಂಬುವಾಗಲೇ ಹೇಳಬೇಕು. ಆಮೇಲೆ ಕೆಇಎ ತಿದ್ದುಪಡಿಗೆ ಬಿಟ್ಟ ದಿನಗಳಲ್ಲಿ ಮಾತ್ರ ಅವಕಾಶ. ಹೋಗುವ ಮುಂಚೆ ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಸಬ್‌ಮಿಟ್ ಒತ್ತುವ ಮೊದಲು ಪರದೆ ನೋಡಿ ಒಂದೊಂದಾಗಿ ಓದಿ. ಪಾಸ್‌ವರ್ಡ್ ಅಂಗಡಿಯವರ ಹತ್ತಿರ ಬಿಟ್ಟು ಬರಬೇಡಿ. ಮೊಬೈಲ್ ನಂಬರು ಮನೆಯದ್ದೇ ಇರಲಿ.

ಸೀಟು ಹಂಚಿಕೆ ಆದ ಮೇಲೆ ನಾಲ್ಕು ಆಯ್ಕೆ ಕೇಳುತ್ತಾರೆ. ಒಂದು, ಇದೇ ಸಾಕು, ಸೇರುತ್ತೇನೆ. ಎರಡು, ಇದು ಕೈಯಲ್ಲಿರಲಿ, ಮುಂದಿನ ಸುತ್ತಿಗೂ ಕಾಯುತ್ತೇನೆ. ಮೂರು, ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ನಾಲ್ಕು, ನನಗೆ ಏನೂ ಬೇಡ. ಸಂಶಯ ಇದ್ದವರಿಗೆ ಎರಡನೆಯದು ಕ್ಷೇಮ.

ಕಾಲೇಜಿಗೆ ಮೂಲ ದಾಖಲೆ ಕೊಡಬೇಕಾ?

ಪರಿಶೀಲನೆಗೆ ತೋರಿಸಲೇಬೇಕು. ಟಿಸಿ ಕೊಡಬೇಕಾಗುತ್ತದೆ. ಉಳಿದದ್ದು ಕಾಲೇಜಿನವರು ಇಟ್ಟುಕೊಂಡರೆ ಏನೇನು ಕೊಟ್ಟಿದ್ದೀರಿ ಅಂತ ಪಟ್ಟಿ ಮಾಡಿ ಸೀಲು, ಸಹಿ ಹಾಕಿಸಿಕೊಳ್ಳಿ. ಕೊಡುವ ಮೊದಲು ಪ್ರತಿಯೊಂದನ್ನೂ ಐದೈದು ಝೆರಾಕ್ಸ್ ತೆಗೆಸಿ, ಸ್ಕ್ಯಾನ್ ಮಾಡಿ ಡಿಜಿಲಾಕರ್‌ನಲ್ಲೋ ಮೇಲ್‌ನಲ್ಲೋ ಇಡಿ. 371(ಜೆ) ಮೂಲ ಪತ್ರಕ್ಕೆ ಲ್ಯಾಮಿನೇಶನ್ ಮಾಡಿಸಬೇಡಿ, ಹಿಂದೆ ಮುಂದೆ ಸೀಲು ಹಾಕಬೇಕಾಗಿ ಬಂದಾಗ ತೊಂದರೆ. ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿ, ಮಳೆಗೆ ಸೋರದ ಕಡೆ ಇಟ್ಟರೆ ಸಾಕು.